ದೊಡ್ಡಪ್ಪನ ಹರಾಜು

ದೊಡ್ಡಪ್ಪನನ್ನು ಮಾರಿಬಿಡೋಣ ಎಂದು ಮೊದಲು ಬಾಯಿ ಬಿಟ್ಟವಳು ನಾನೇ. ಗಾಬರಿಯಾಗಬೇಡಿ, ದೊಡ್ಡಪ್ಪ ಎಂದರೆ ಮನುಷ್ಯನಲ್ಲ, ನಮ್ಮ ಶೆಡ್ಡಿನಲ್ಲಿ ನಿಂತಿದ್ದ ಹಳೇ ಕಾರು. ದುಂಡನೆಯ ದೀಪ, ಉಬ್ಬಿದ ಕೆನ್ನೆ, ಕೆಳಕ್ಕೆ ಬಾಗಿದ ಬಂಪರು. ನಮ್ಮ ಮನೆಯವರಿಗೆ ಒಬ್ಬರು ದೊಡ್ಡಪ್ಪ ಇದ್ದರು, ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ನಿಲ್ಲಿಸಿದರೆ ಥೇಟ್ ಹೀಗೇ ಮುಖ ಮಾಡುತ್ತಿದ್ದರು. ಗುಜರಿಯಿಂದ ಕಾರನ್ನು ಎಳೆದು ತಂದ ದಿನ ಅತ್ತೆ ಬಾಗಿಲಲ್ಲಿ ನಿಂತು ಆ ಹೆಸರಿಟ್ಟರು, ಅದೇ ಉಳಿಯಿತು.

ನಮ್ಮವರದು ಟಿಂಕರಿಂಗು, ಪೇಂಟಿಂಗು. ನನ್ನದು ಸೀಟು ಹೊಲಿಯುವ ಕೆಲಸ. ಮುಂದೆ ಶೆಡ್ಡು, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಥಿನ್ನರಿನ ವಾಸನೆ ಅಡುಗೆಮನೆಗೂ ಅಡುಗೆಯ ವಾಸನೆ ಶೆಡ್ಡಿಗೂ ಆ ಬಾಗಿಲಿನಿಂದಲೇ ಓಡಾಡಿಕೊಂಡಿರುತ್ತವೆ. ಗಿರಾಕಿಗಳ ಕೆಲಸ ಮುಗಿಸಿ, ಬಿಡುವಾದಾಗ ಮಾಡಿದ ಕಾರು ಅದು. ಬಿಡುವು ಎಂಬುದು ಬರೀ ಮಾತಿಗೆ. ನಮ್ಮ ಭಾನುವಾರಗಳನ್ನೆಲ್ಲ ದೊಡ್ಡಪ್ಪ ಒಂದೊಂದಾಗಿ ನುಂಗಿ ನೀರು ಕುಡಿದ. ತುಕ್ಕು ಹಿಡಿದ ತಗಡು ಕತ್ತರಿಸಿ, ಹೊಸದನ್ನು ಬಡಿದು ಕೂರಿಸಿ, ಉಜ್ಜಿ, ಬಣ್ಣ ಹೊಡೆದು, ಅದು ಮನಸ್ಸಿಗೆ ಬಾರದೆ ಮತ್ತೆ ಉಜ್ಜಿ ಹೊಡೆದದ್ದು. ಸೀಟಿಗೆ ಕೆಂಪು ಚರ್ಮ ಹೊಲಿದವಳು ನಾನು. ಬಾಗಿಲಿನ ಅಂಚಿನ ಹೊಲಿಗೆ ಎಷ್ಟು ನೇರವಿದೆ ಎಂದರೆ ಹೇಳಿಕೊಳ್ಳಲು ನನಗೆ ನಾಚಿಕೆಯೇ ಇಲ್ಲ.

ಹಳೇ ಕಾರಿನ ಅರ್ಧ ಕೆಲಸ ಅದರ ಹೊಟ್ಟೆಯ ಕೆಳಗೆ. ನಮ್ಮವರು ಚಕ್ರದ ಹಲಗೆಯ ಮೇಲೆ ಅಂಗಾತ ಮಲಗಿ ಒಳಗೆ ತೂರಿಕೊಳ್ಳುತ್ತಿದ್ದರು. ಬರಬರುತ್ತ ತೂರುವುದು ಸುಲಭವಾಯಿತು, ಏಳುವುದು ಕಷ್ಟವಾಯಿತು. ನಾನು ಕೈ ಹಿಡಿದು ಎಳೆಯಬೇಕು, ಅವರು ಗೋಡೆ ಹಿಡಿದು ನಿಲ್ಲಬೇಕು, ಆಮೇಲೆ ಸೊಂಟ ನೆಟ್ಟಗಾಗಬೇಕು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಮಲಗಿ ಕೆಲಸ ಮಾಡಿದರೆ ಒಂದು ದಿನ ಏಳುವುದೇ ಆಗುವುದಿಲ್ಲ, ಲಿಫ್ಟ್ ಹಾಕಿಸಿ, ಇಲ್ಲವೇ ಬೇರೆ ಕೆಲಸ ನೋಡಿಕೊಳ್ಳಿ ಎಂದರು. ಲಿಫ್ಟ್ ಎಂದರೆ ಎರಡು ಉಕ್ಕಿನ ಕಂಬ, ಅದಕ್ಕೊಂದು ಮೋಟಾರು. ಗುಂಡಿ ಒತ್ತಿದರೆ ಕಾರೇ ಮೇಲೇಳುತ್ತದೆ, ಮನುಷ್ಯ ಕೆಳಗೆ ನಿಂತುಕೊಂಡು ಕೆಲಸ ಮಾಡಬಹುದು. ಬೇರೆ ಕೆಲಸ ನಮ್ಮವರಿಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ದುಡಿದವರು. ತಾವು ಉಳಿಸಿಟ್ಟದ್ದನ್ನು ತೆಗೆದುಕೋ ಎಂದರು. ಮಗ ಬೇಡ ಎಂದರು. ನನ್ನ ಹೊಲಿಗೆಯ ದುಡ್ಡು ಇದೆ ಎಂದೆ. ಅದೂ ಬೇಡ. ಬೆನ್ನು ನನ್ನದು, ಲಿಫ್ಟೂ ನನ್ನದೇ ಆಗಬೇಕು ಎಂದು ಮುಖ ತಿರುಗಿಸಿದರು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ, ಇವರ ಹಟ ಬೆನ್ನಿಗೇ ಮೂಲ. ರೇಗಿ ಹೋಯಿತು ನನಗೆ. ಹಾಗಾದರೆ ದೊಡ್ಡಪ್ಪನನ್ನು ಮಾರಿ ಎಂದೆ. ಅವರು ಎದ್ದು ಶೆಡ್ಡಿಗೆ ಹೋದರು. ಕೊನೆಗೆ ನಮ್ಮವರು ಕಾರಿನ ತಲೆ ಸವರುತ್ತ, ಹೂಂ, ಮಾರೋಣ ಎಂದರು.

ಮೊದಲು ಬಂದವರು ಹಳೇ ಕಾರುಗಳ ದಲ್ಲಾಳಿ. ಕಾರಿನ ಸುತ್ತ ನಡೆದು, ಅಲ್ಲಲ್ಲಿ ಬೆರಳಿನಿಂದ ಕುಟ್ಟಿ, ಕಾಫಿ ಕುಡಿದರು. ನಮ್ಮವರು ಹಾಕಿದ ಖರ್ಚು, ಪಟ್ಟ ಪಾಡು ಎಲ್ಲವನ್ನೂ ಒಪ್ಪಿಸಿದರು. ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ ಎಂದರು ದಲ್ಲಾಳಿ. ಕೆಲವರಿಗೆ ಕನ್ನಡಿಯ ಹಾಗೆ ಹೊಳೆಯಬೇಕಂತೆ, ಕೆಲವರಿಗೆ ಮೊದಲಿನ ಬಣ್ಣವೇ ಬೇಕಂತೆ, ತುಕ್ಕಿದ್ದರೂ ಸರಿ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಹೇಳಿದರು:

"ರಿಪೇರಿಯಾದ ಹಳೇ ಕಾರಿಗೆ ಬೆಲೆ ಅಂತ ಇರಲ್ಲ ಸ್ವಾಮಿ, ಆಸೆ ಅಂತ ಇರುತ್ತೆ. ಒಂದೇ ಹೊತ್ತಿಗೆ ಇಬ್ಬರಿಗೆ ಆಸೆಯಾದ್ರೆ ಬಂಗಾರ. ಒಬ್ಬನಿಗೇ ಆದ್ರೆ ತಗಡು."

ತಗಡಿನ ರೇಟಿಗೆ ತಾವೇ ಕೊಳ್ಳುವುದಾಗಿಯೂ ಹೇಳಿದರು. ಆ ದುಡ್ಡಿಗೆ ಲಿಫ್ಟಿನ ಒಂದು ಕಂಬ ಬರುತ್ತಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಲೆಕ್ಕವೆಲ್ಲ ಕಂಬದಲ್ಲೇ. ಒಂದೇ ಕಂಬ ಹಾಕಿ ದೀಪ ಹಚ್ಚಲಾ ಎಂದು ನಾನು ಕೇಳಿದ್ದಕ್ಕೆ ದಲ್ಲಾಳಿ ಕಾಫಿ ಲೋಟ ಕೆಳಗಿಟ್ಟು ಹೊರಟೇಹೋದರು.

ಆಮೇಲೆ ಫೋನಿನಲ್ಲಿ ನಡೆಯುವ ಹರಾಜಿಗೆ ಹಾಕಿದೆವು. ಅದಕ್ಕಾಗಿಯೇ ಒಂದು ಕಂಪನಿ ಇದೆ. ಕಾರಿನ ಫೋಟೋ, ವಿವರ ಹಾಕಬೇಕು, ಬೇಕಾದವರು ತಮಗೆ ತೋಚಿದ ಹೆಸರಿಟ್ಟುಕೊಂಡು, ಫೋನಿನಲ್ಲೇ ಗುಂಡಿ ಒತ್ತಿ ಬೆಲೆ ಕೂಗಬೇಕು. ಕೊನೆಯ ಗಳಿಗೆಯಲ್ಲಿ ಯಾರಾದರೂ ಕೂಗಿದರೆ ಹರಾಜು ಎರಡು ನಿಮಿಷ ಮುಂದಕ್ಕೆ ಹೋಗುತ್ತದೆ. ಫೋಟೋ ತೆಗೆದವಳು ನಾನು. ವಿವರ ಬರೆದವರು ನಮ್ಮವರು, ಕಾರಿನ ಐಬನ್ನೆಲ್ಲ ಮೊದಲಿಗೇ ಬರೆದರು. ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಗೊರಕೆಯ ವಿಷಯ ಹೇಳುತ್ತಾರೇನ್ರೀ ಎಂದೆ. ಕೇಳಲಿಲ್ಲ.

ಹರಾಜು ಶುರುವಾದ ಮಾರನೆಯ ದಿನವೇ ಕೆಳಗೆ ಯಾರೋ ಒಬ್ಬ ಬರೆದಿದ್ದ: ಕಾರು ಪರವಾಗಿಲ್ಲ, ಸೀಟು ಮಾತ್ರ ಸೋಫಾ ಥರ ಇದೆ. ನನ್ನ ರಕ್ತ ಕುದಿಯಿತು. ಅವನಿಗೆ ತಕ್ಕ ಉತ್ತರ ಕೊಡಬೇಕಾದರೆ ಹೆಸರು ನೋಂದಾಯಿಸಬೇಕಾಗಿತ್ತು. ಬಿರುಗಾಳಿ ಎಂದು ಹೆಸರಿಟ್ಟುಕೊಂಡು, ನಿಮ್ಮ ಮನೆಯ ಸೋಫಾ ಇಷ್ಟು ಚೆನ್ನಾಗಿದ್ದರೆ ನೀವು ಪುಣ್ಯವಂತರು ಎಂದು ಬರೆದೆ. ಬಿರುಗಾಳಿ ಹುಟ್ಟಿದ್ದು ಹಾಗೆ, ಕಾರು ಕೊಳ್ಳುವ ದುರುದ್ದೇಶ ನನಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಹರಾಜಿನ ಕೊನೆ. ನಮ್ಮವರು ನಡುಮನೆಯಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅತ್ತೆ ತಮ್ಮ ಕೋಣೆಯಲ್ಲಿ ಮಲಗಿದ್ದರು, ಬಾಗಿಲು ಅರ್ಧ ತೆರೆದಿತ್ತು. ನಾನು ಶೆಡ್ಡಿನಲ್ಲಿ ಹೊಲಿಗೆ ಯಂತ್ರದ ಮುಂದೆ. ಅಲ್ಲಿಂದ ನಡುಬಾಗಿಲಿನ ಮೂಲಕ ನಮ್ಮವರ ಮುಖ ಕಾಣುತ್ತಿತ್ತು. ಹೊಲಿಗೆ ಸಾಗುತ್ತಿರಲಿಲ್ಲ ಬಿಡಿ.

ಮೂರನೇ ಗೇರ್ ಎಂಬ ಹೆಸರಿನವರೊಬ್ಬರು ಒಂದು ಕಂಬಕ್ಕಿಂತ ಚೂರು ಮೇಲೆ ಕೂಗಿ ಕೂತಿದ್ದರು. ಬೇರೆ ಯಾರ ಸುಳಿವೂ ಇಲ್ಲ. ನಮ್ಮವರ ಮುಖ ಇಳಿಯುತ್ತ ಬಂತು. ದಲ್ಲಾಳಿ ಹೇಳಿದ್ದೇ ಸರಿ ಕಣೇ, ಒಬ್ಬರಿಗೇ ಆಸೆ, ತಗಡು ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ತಮ್ಮನ್ನೇ ಆಡಿಕೊಂಡು ನಕ್ಕರು. ಆ ನಗು ನೋಡಲಾಗಲಿಲ್ಲ ನನಗೆ. ಫೋನು ತೆಗೆದು ಬಿರುಗಾಳಿಯ ಹೆಸರಿನಲ್ಲಿ ಒತ್ತಿಯೇ ಬಿಟ್ಟೆ.

ಮೂರನೇ ಗೇರ್ ತಕ್ಷಣ ಮೇಲೆ ಕೂಗಿತು. ನಾನು ಒತ್ತಿದೆ. ಅವರೂ ಒತ್ತಿದರು. ಒಳಗೆ ಕುರ್ಚಿ ಕಿರ್ ಎಂದಿತು. "ಏ ಇವಳೇ, ಇನ್ನೊಬ್ಬ ಬಂದ ಕಣೇ" ಎಂದರು ನಮ್ಮವರು. ಹೌದಾ ಎಂದೆ, ಸೂಜಿಯ ಕಡೆ ನೋಡುತ್ತ. ಮೂರನೇ ಗೇರ್ ಹೀಗೇ ಏರುತ್ತ ಏರುತ್ತ ಎರಡು ಕಂಬಗಳ ಬೆಲೆಗೆ ಬಂದು ನಿಂತಿತು. ಮೋಟಾರಿಗೂ ಆಗಲಿ ಎಂದು ನಾನು ಇನ್ನೊಂದು ಸಲ ಒತ್ತಿದೆ. ಆ ಕಡೆಯಿಂದ ಸದ್ದಿಲ್ಲ. ಎರಡು ನಿಮಿಷದ ಗಡಿಯಾರ ಇಳಿಯತೊಡಗಿತು. ಅಯ್ಯೋ ದೇವರೇ, ನಮ್ಮ ಕಾರನ್ನು ನಾನೇ ಕೊಂಡೆನಲ್ಲ ಎಂದುಕೊಂಡೆ.

ಆಗ ಮಹಾರಾಜ ಎಂಬ ಹೊಸ ಹೆಸರೊಂದು ಬಂತು. ನನಗಿಂತ ಮೇಲೆ ಕೂಗಿತು. ಆ ಮಹಾರಾಜನ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಫೋನು ಕೆಳಗಿಟ್ಟೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ. ಆದರೆ ನಡುಬಾಗಿಲಿನಲ್ಲಿ ನಮ್ಮವರ ಮುಖ ಕಂಡಿತಲ್ಲ. ಯಾರೋ ಇಬ್ಬರು ದೊಡ್ಡ ಮನುಷ್ಯರು ಹಟಕ್ಕೆ ಬಿದ್ದಿದ್ದಾರೆ, ಪೇಂಟ್ ನೋಡಿಯೇ ಇರಬೇಕು, ಕೆಲಸ ಗೊತ್ತಿರುವವರು ಇವರು ಎಂದು ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಮೊದಲ ಗಿರಾಕಿ ಮೆಚ್ಚಿಕೊಂಡು ಹೋದ ದಿನ ಅವರ ಮುಖ ಹೀಗಿತ್ತು. ಇನ್ನೊಂದೇ ಒಂದು ಸಲ ಎಂದು ಒತ್ತಿದೆ. ಮಹಾರಾಜ ಮೇಲೆ ಹೋದ. ಅವರ ಮುಖ ಇನ್ನಷ್ಟು ಅರಳಿತು. ಮತ್ತೆ ಒತ್ತಿದೆ. ಕೆಟ್ಟ ಚಟ ಹಿಡಿಯುವುದು ಹೀಗೇ ಇರಬೇಕು.

ಒಂದು ಲಿಫ್ಟ್ ದಾಟಿತು. ಒಂದೂವರೆ ದಾಟಿತು. ನಮ್ಮವರು ಕುರ್ಚಿಯಿಂದ ಎದ್ದು ನಿಂತಿದ್ದರು. ಗೋಡೆ ಹಿಡಿಯಲಿಲ್ಲ, ಸೊಂಟ ಮುಟ್ಟಲಿಲ್ಲ, ಬೆನ್ನು ಇದೆ ಎಂಬುದನ್ನೇ ಮರೆತು ನಿಂತಿದ್ದರು. ನನ್ನ ಕಣ್ಣು ತುಂಬಿ ಬಂದು ಫೋನಿನ ಅಂಕಿ ಮಸುಕಾಯಿತು. ಮಹಾರಾಜ ಎರಡು ಲಿಫ್ಟಿಗೆ ಕೂಗಿದಾಗ ಮಾತ್ರ ನನಗೆ ಜೀವಭಯ ಹುಟ್ಟಿ ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ. ಹರಾಜು ಮುಗಿಯಿತು.

ನಮ್ಮವರು ಶೆಡ್ಡಿಗೆ ಬಂದು, ಎರಡು ಲಿಫ್ಟು ಕಣೇ, ಒಂದರಲ್ಲಿ ಕಾರು ಏರಿಸೋಣ, ಇನ್ನೊಂದರಲ್ಲಿ ನಿನ್ನ ಕೂರಿಸಿ ಏರಿಸುತ್ತೇನೆ ಎಂದರು. ದೊಡ್ಡಪ್ಪನ ಮೂತಿಗೆ ಮುತ್ತಿಟ್ಟರು. ಅಷ್ಟರಲ್ಲಿ ಕೊಂಡವರ ನಂಬರು ಫೋನಿಗೆ ಬಂತು. ಮಹಾರಾಜನೊಡನೆ ಬನಿಯನ್ನಿನಲ್ಲಿ ಮಾತಾಡುವುದು ಹೇಗೆಂದು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಗಂಟಲು ಸರಿಮಾಡಿಕೊಂಡು, ನಂಬರಿನ ಕಡೆ ಸರಿಯಾಗಿ ನೋಡದೆ ಒತ್ತಿ, ಫೋನನ್ನು ಕಿವಿಗಿಟ್ಟರು.

ಅತ್ತೆಯ ಕೋಣೆಯಲ್ಲಿ ಫೋನು ರಿಂಗಾಯಿತು.

"ಹಲೋ, ಯಾರು ಬೇಕಾಗಿತ್ತು?" ಎಂದಿತು ಎಕ್ಸ್‌ಚೇಂಜಿನ ಹಳೇ ದನಿ. ನಮ್ಮವರಿಗೆ ಅದು ಒಂದು ಕಿವಿಗೆ ಫೋನಿನಿಂದಲೂ ಇನ್ನೊಂದು ಕಿವಿಗೆ ಕೋಣೆಯಿಂದಲೂ ಕೇಳಿಸಿತು. ಅವರು ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದರು, ಆಮೇಲೆ ಕೋಣೆಯ ಬಾಗಿಲು ನೋಡಿದರು.

ಅತ್ತೆ ನಿಧಾನವಾಗಿ ಹೊರಗೆ ಬಂದರು. ತಪ್ಪು ಮಾಡಿದ ಮುಖವೇನೂ ಇರಲಿಲ್ಲ.

"ನಾನೇ ಕಣೋ ಮಹಾರಾಜ. ಕೈಗೆ ಕೊಟ್ರೆ ಬೇಡ ಅಂತೀಯ. ಕಾರು ಕೊಂಡ್ಕೊಂಡ್ರೆ ದುಡ್ಡು ತಗೊಳ್ಲೇಬೇಕಲ್ಲ. ನಿನಗೆ ಲಿಫ್ಟೂ ಬರುತ್ತೆ, ದೊಡ್ಡಪ್ಪನೂ ಮನೇಲೇ ಇರ್ತಾನೆ ಅಂದ್ಕೊಂಡೆ. ಅಷ್ಟರಲ್ಲಿ ಆ ಬಿರುಗಾಳಿ ಅನ್ನೋ ದರಿದ್ರದವನು ಗಂಟು ಬಿದ್ದ. ಬಿಡ್ತಾನೇ ಇಲ್ಲ ಮುಂಡೇದು."

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಅತ್ತೆ, ಆ ದರಿದ್ರದವನು ನಾನೇ" ಎಂದೆ.

ಅಲ್ಲ ಅತ್ತೆ, ನಿಮ್ಮ ಹತ್ತಿರ ಎರಡು ಲಿಫ್ಟಿನಷ್ಟು ದುಡ್ಡಿದೆಯಾ ಎಂದು ಕೇಳಿದೆ. ಎಲ್ಲಿಂದ ಬರಬೇಕು, ಒಂದು ಲಿಫ್ಟಿಗೇ ಮುಗಿದಿತ್ತು, ಆಮೇಲಿನದೆಲ್ಲ ಸಾಲಾ ಸೋಲಾ ಮಾಡಿಯಾದರೂ ಕೊಟ್ಟರಾಯಿತು ಎಂದು ಒತ್ತಿದ್ದು ಎಂದರು. ನೀನು ಯಾವ ಧೈರ್ಯದಲ್ಲಿ ಒತ್ತಿದೆ ಎಂದು ನನ್ನನ್ನು ಕೇಳಿದರು. ನನ್ನ ಬಳಿ ಇದ್ದದ್ದು ಮುಕ್ಕಾಲು ಕಂಬ. ಹಾಗೆಂದು ಹೇಳಿದೆ. ಅತ್ತೆ ಮಗನ ಕಡೆ ತಿರುಗಿದರು. "ಬಾಗಿಲ ಸಂದೀಲಿ ನಿನ್ನ ಮುಖ ಕಾಣ್ತಿತ್ತು ಕಣೋ. ನೀನು ಎದ್ದು ನಿಂತ್ಯಲ್ಲ, ಆಮೇಲೆ ನನ್ನ ಕೈ ನನ್ನ ಮಾತು ಕೇಳ್ಲಿಲ್ಲ" ಎಂದರು.

ನಮ್ಮವರು ಕುರ್ಚಿಗೆ ಕುಸಿದರು. ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡರು.

"ಹಾಗಾದ್ರೆ ನಿಜವಾಗಿ ಯಾರಿಗೂ ಬೇಕಾಗಿರಲಿಲ್ಲ."

ಇಷ್ಟು ಹೊತ್ತು ಕೊಟ್ಟ ಸಂತೋಷವನ್ನೆಲ್ಲ ನಾವೇ ಕಿತ್ತುಕೊಂಡ ಹಾಗಾಗಿತ್ತು. ಅತ್ತೆ ಮಾತ್ರ ಅಳುಕಲಿಲ್ಲ. ಮೂರನೇ ಗೇರಿಗೆ ಬೇಕಾಗಿತ್ತಲ್ಲ, ಅದಂತೂ ನಮ್ಮ ಮನೆಯದಲ್ಲ, ಅಡುಗೆಮನೆಯಲ್ಲಿ ಬೆಕ್ಕು ಕೂತು ಒತ್ತಿದ್ದರೆ ಬೇರೆ ಮಾತು ಎಂದರು. ನಮ್ಮವರ ತುಟಿ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ನಗು ಒಡೆದುಕೊಂಡು ಬಂತು ನೋಡಿ, ನಕ್ಕು ನಕ್ಕು ಬೆನ್ನು ಹಿಡಿದುಕೊಂಡು, ಅಯ್ಯೋ ಅಮ್ಮಾ ನಗಿಸಬೇಡ ಎನ್ನುತ್ತ ಮತ್ತೆ ನಕ್ಕರು. ನಾನು ನೆಲದ ಮೇಲೇ ಕೂತೆ. ಮಹಾರಾಜ ಬಾಗಿಲ ಚೌಕಟ್ಟು ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು.

ನಗು ಇಳಿದ ಮೇಲೆ ಹರಾಜು ಕಂಪನಿಗೆ ಫೋನು ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದವರು ನಮ್ಮವರೇ. ಮನೆಯವರು ಕೂಗಬಾರದು ಎಂಬ ನಿಯಮ ಇತ್ತಂತೆ, ನಾವು ಓದಿದ್ದರೆ ತಾನೆ. ಆ ಕಡೆಯ ಹುಡುಗಿ ಬೈಯಬೇಕೆಂದು ಶುರುಮಾಡಿ, ಅತ್ತೆ ಸೊಸೆ ಎಂದು ಕೇಳುತ್ತಲೇ ತಾನೂ ನಗಲಾರಂಭಿಸಿದಳು. ಬಿರುಗಾಳಿಯನ್ನೂ ಮಹಾರಾಜನನ್ನೂ ಹೊಡೆದುಹಾಕಿ, ಮೂರನೇ ಗೇರ್ ಸ್ವಂತ ಬಾಯಿಯಿಂದ ಕೊನೆಗೆ ಕೂಗಿದ ಬೆಲೆಗೆ ಬೇಕಾ ಎಂದು ಕೇಳುತ್ತೇವೆ ಎಂದಳು.

ಮಾರನೆಯ ಸಂಜೆ ಮೂರನೇ ಗೇರ್ ನಮ್ಮ ಬಾಗಿಲಿಗೆ ಬಂತು. ನೀಲಿ ಸಮವಸ್ತ್ರದ ಹೆಂಗಸು, ಸ್ಕೂಲ್ ಬಸ್ ಓಡಿಸುವವಳು. ದಲ್ಲಾಳಿಯ ಹಾಗೆ ಕುಟ್ಟಲಿಲ್ಲ. ಬಾಗಿಲು ತೆರೆದು ಹಾಕಿ, ಹಾಕುವಾಗಿನ ಸದ್ದನ್ನು ತಲೆ ಓರೆಮಾಡಿ ಕೇಳಿದಳು. ಹಿಂದಿನ ಸೀಟಿನಲ್ಲಿ ಕೂತು ಒರಗಿಕೊಂಡು, ಕಣ್ಣು ಮುಚ್ಚಿದರೆ ನಿದ್ದೆಯೇ ಬರುತ್ತದೆ, ಹೊಲಿದವರು ಯಾರು ಎಂದು ಕೇಳಿದಳು. ಆ ಗಳಿಗೆಯಲ್ಲಿ ಅವಳು ಕಾರನ್ನು ಪುಕ್ಕಟೆ ಕೇಳಿದ್ದರೂ ನಾನು ಕೊಟ್ಟುಬಿಡುತ್ತಿದ್ದೆನೇನೋ. ಕೂಡಿಟ್ಟದ್ದೆಲ್ಲ ಎರಡು ಕಂಬಕ್ಕೇ ಮುಗಿದಿತ್ತಂತೆ, ಬಿರುಗಾಳಿ, ಮಹಾರಾಜ ಅದಕ್ಕೂ ಮೇಲೆ ಹೋದಾಗ ಹೊಟ್ಟೆ ಉರಿದು ಫೋನು ಮುಚ್ಚಿಟ್ಟು, ಮನೆಯ ಪಾತ್ರೆಯನ್ನೆಲ್ಲ ದಡಬಡ ತಿಕ್ಕಿದಳಂತೆ. ಅವರಿಬ್ಬರೂ ಇವರೇ ಎಂದು ನಮ್ಮವರು ತೋರಿಸಿದಾಗ ನಮ್ಮನ್ನು ಒಬ್ಬರಾದ ಮೇಲೆ ಒಬ್ಬರಂತೆ ನೋಡಿ, ಬಾಗಿಲ ಮೆಟ್ಟಿಲ ಮೇಲೆ ಕೂತು ಮನಸಾರೆ ನಕ್ಕಳು.

ಆಮೇಲೆ ಗಂಭೀರವಾಗಿ ನಮ್ಮವರನ್ನು ಕೇಳಿದಳು, ಇದನ್ನು ಬಟ್ಟೆ ಮುಚ್ಚಿ ಇಡುವುದಕ್ಕೆ ತನಗೆ ಬರುವುದಿಲ್ಲ, ದಿನಾ ಓಡಿಸುತ್ತೇನೆ, ಕೆಸರಾಗುತ್ತೆ, ಗೀರು ಬೀಳುತ್ತೆ, ಪರವಾಗಿಲ್ವಾ ಎಂದು.

"ಓಡಲಿ ಅಂತಾನೇ ಮಾಡಿದ್ದು" ಎಂದರು ನಮ್ಮವರು. "ನಿಮ್ಮ ಹತ್ರ ಇರೋದೆಲ್ಲ ಇದಕ್ಕೇ ಹಾಕ್ತಿದ್ದೀರ. ಇದರ ಬೆಲೆ ಅಷ್ಟೇ ಇರಬೇಕು. ನನಗೆ ಸಾಕು."

ಅವಳು ದೊಡ್ಡಪ್ಪನನ್ನು ಓಡಿಸಿಕೊಂಡು ಹೋದ ಮೇಲೆ ಶೆಡ್ಡು ಮೈದಾನದ ಹಾಗೆ ಕಂಡಿತು. ಕೈಯಲ್ಲಿ ಎರಡು ಕಂಬಗಳ ದುಡ್ಡು, ಮೋಟಾರಿಗೆ ಇಲ್ಲ, ಕಂಬ ನಿಲ್ಲಿಸಲು ನೆಲಕ್ಕೆ ಕಾಂಕ್ರೀಟು ಬೇಕು, ಅದಕ್ಕೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಅತ್ತೆಯೂ ಬಿಡಲಿಲ್ಲ, ಅದೇ ದೊಡ್ಡದು. ನಮ್ಮವರು ಖಾಲಿ ನೆಲದಲ್ಲಿ ಅತ್ತಿಂದಿತ್ತ ನಡೆದು ನಮ್ಮ ಮುಂದೆ ಬಂದು ನಿಂತರು.

"ನಾನು ಬೇಡ ಬೇಡ ಅಂದು ಅಂದು, ಕೊಡೋದಕ್ಕೂ ನೀವು ಕಳ್ಳರ ಹಾಗೆ ಹೆಸರು ಬದಲಾಯಿಸ್ಕೊಂಡು ಬರಬೇಕಾಯ್ತು. ಮೋಟಾರು ಅಮ್ಮಂದು. ಕಾಂಕ್ರೀಟು ನಿಂದು. ಕೊಡಿ."

ಅತ್ತೆ ಮಗನ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟು ಒಳಗೆ ಹೋದರು. ಒಳಗೆ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಸಂತೋಷದಲ್ಲಿ ನನಗೆ ಏನು ಮಾಡಬೇಕೆಂದು ತೋಚದೆ ಎಲ್ಲರಿಗೂ ಕಾಫಿ ಮಾಡಿದೆ.

ಲಿಫ್ಟ್ ಬಂದು ನಿಂತಿತು. ಮೊದಲ ಗಿರಾಕಿಯಾಗಿ ಬಂದವಳು ಬಸ್ಸಿನವಳೇ, ದೊಡ್ಡಪ್ಪನಿಗೆ ಆಯಿಲ್ ಬದಲಾಯಿಸಲು. ಮೈಯೆಲ್ಲ ಧೂಳು, ಬಾಗಿಲ ಮೇಲೊಂದು ಗೀರು, ಮುಖದ ಮುನಿಸು ಮಾತ್ರ ಹಾಗೇ ಇತ್ತು. ಕಾರನ್ನು ಕಂಬಗಳ ನಡುವೆ ನಿಲ್ಲಿಸಿ, ಮಕ್ಕಳನ್ನು ಕರೆತರುವ ಹೊತ್ತಾಯಿತೆಂದು ಅವಳು ಹೋದಳು. ನಮ್ಮವರು ಗುಂಡಿ ಒತ್ತಿದರು. ದೊಡ್ಡಪ್ಪ ಗುರ್ ಎನ್ನುತ್ತ ಮೇಲೆ ಹೋದ, ನಮ್ಮವರ ತಲೆಗಿಂತ ಮೇಲೆ. ಅವರು ಅದರ ಕೆಳಗೆ ನಡೆದು ಹೋಗಿ ನಿಂತರು. ಕೈ ಮೇಲೆತ್ತಿ ಒಂದು ಬೋಲ್ಟು ಮುಟ್ಟಿದರು, ಕೆಳಗಿಳಿಸಿದರು. ಮತ್ತೆ ಮುಟ್ಟಿದರು.

"ಅಮ್ಮಾ, ಬಾ ಇಲ್ಲಿ. ಇವಳನ್ನೂ ಕರ್ಕೊಂಡು ಬಾ."

ನಾವಿಬ್ಬರೂ ಹೋದೆವು. ಬಗ್ಗಬೇಕಾಗಿರಲಿಲ್ಲ. ಮೂವರೂ ನೆಟ್ಟಗೆ ನಿಂತು ಕತ್ತೆತ್ತಿ ನೋಡಿದೆವು. ನಮ್ಮವರು ಚಿಂದಿ ಬಟ್ಟೆಯಿಂದ ಒಂದು ಕಡೆ ಕೆಸರು ಒರೆಸಿದರು. ಒಳಗಿನಿಂದ ಮೇಲಿನಷ್ಟೇ ಹೊಳೆಯುವ ಬಣ್ಣ ಬಂತು. ಹೊಟ್ಟೆಯ ಕೆಳಗೆ ಆ ತುದಿಯಿಂದ ಈ ತುದಿಯವರೆಗೆ, ಯಾರ ಕಣ್ಣಿಗೂ ಬೀಳದ ಕಡೆಯೆಲ್ಲ, ಒಂದೊಂದು ಬೋಲ್ಟಿನ ತಲೆಯನ್ನೂ ಬಿಡದೆ, ಮಲಗಿಕೊಂಡು ಬೆನ್ನು ಸವೆಸಿಕೊಂಡು ಅವರು ಬಣ್ಣ ಹೊಡೆದಿದ್ದರು. ನಾನು ಅಷ್ಟು ವರ್ಷ ಕೈ ಹಿಡಿದು ಎಳೆದು ಎಬ್ಬಿಸಿದವಳು, ಒಂದು ದಿನವೂ ಬಗ್ಗಿ ಇದನ್ನು ನೋಡಿರಲಿಲ್ಲ. ಹೇಳಿಯಾದರೂ ಹೇಳಬಾರದಾ ಎಂದು ಬೈದು, ಅವರ ಕೈಯ ಬಟ್ಟೆ ಕಿತ್ತುಕೊಂಡು ನಾನೂ ಒಂದು ಬೋಲ್ಟು ಒರೆಸಿದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದರು.

"ಲೋ, ಇದರ ಫೋಟೋ ಹಾಕಿದ್ದಿದ್ರೆ ನಾನು ಇನ್ನೊಂದು ಸಲ ಒತ್ತಿರ್ತಿದ್ದೆ" ಎಂದರು.

ನಾನೂ ಬಿಡುತ್ತಿರಲಿಲ್ಲ ಎಂದೆ.